ಶಿಳ್‌ಫಾಟಾ ದಾಟಿದ್ದು ಗೊತ್ತಾಗಲಿಲ್ಲ

ಡೊಂಬಿವಲಿ ಪೂರ್ವ
ಭಾನುವಾರ, ೧೮ ಸೆಪ್ಟೆಂಬರ್ ೨೦೧೧

ಚಿ. ಸೌ. ವಿಮಲಾಳಿಗೆ,

ನಿನ್ನ ಅಕ್ಕ ವಾರಿಜಾ ಮಾಡುವ ಆಶೀರ್ವಾದಗಳು. ನಾವೆಲ್ಲ ಸೌಖ್ಯ ಎಂದು ಪ್ರತಿ ಪತ್ರದಲ್ಲೂ ಅಭ್ಯಾಸಬಲದಿಂದ ಬರೆಯುತ್ತಿದ್ದೆ. ಈ ಸಲ ಯೋಚಿಸಿಯೇ ಬರೆಯುತ್ತಿದ್ದೇನೆ, ಸೌಖ್ಯ. ನಿನ್ನ ಭಾವ ಊಟ ಮಾಡಿ, ಸಾರಿಗೆ ಉಪ್ಪಿಲ್ಲ ಎಂದು ನನಗೆ ಬೈದು, ಒಳಗೆ ಮಲಗಿ ಗೊರಕೆ ಹೊಡೆಯುತ್ತಿದ್ದಾರೆ. ಉಪ್ಪು ಹಾಕಬಾರದೆಂದು ಡಾಕ್ಟರರೇ ಹೇಳಿದ್ದು ಅವರಿಗೂ ಗೊತ್ತು. ಆದರೂ ಬೈಯುವಷ್ಟು ಚೈತನ್ಯ ಬಂತಲ್ಲ, ನನಗೆ ಅಷ್ಟು ಸಾಕು.

ನಿನ್ನ ಎರಡು ಪತ್ರಗಳು ಬಂದು ಫ್ರಿಜ್ಜಿನ ಮೇಲೆ ಕೂತು ಒಂದೂವರೆ ತಿಂಗಳಾಯಿತು. ಚೌತಿಗೂ ನಾಲ್ಕು ಸಾಲು ಬರೆಯಲಿಲ್ಲ. ಕೋಪ ಬಂದಿದ್ದರೆ ನ್ಯಾಯವೇ, ಆದರೆ ಈ ಪತ್ರ ಓದಿದ ಮೇಲೆ ಇಳಿಸಿಕೋ. ಫೋನಿನಲ್ಲಿ ನೀನು "ಭಾವನಿಗೆ ಹೇಗುಂಟು" ಎನ್ನುವುದು, ನಾನು "ಪರ್ವಾಗಿಲ್ಲ" ಎನ್ನುವುದು. ಇಷ್ಟು ಸಣ್ಣ ಮನೆಯಲ್ಲಿ ರೋಗಿ ಕಿವಿ ನೆಟ್ಟಗೆ ಮಾಡಿ ಕೂತಿರುವಾಗ ಬೇರೆ ಏನು ಹೇಳಲಿ? ಅದಕ್ಕೇ ಎಲ್ಲವನ್ನೂ ಕೂತು ಬರೆಯುತ್ತಿದ್ದೇನೆ.

ಏಪ್ರಿಲ್‌ನಿಂದ ಅವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಎಂಬುದು ನಿನಗೆ ಗೊತ್ತು. ಡೊಂಬಿವಲಿಯಲ್ಲಿ ಎಲ್ಲೂ ಜಾಗ ಸಿಗದೆ, ನೆರೂಳಿನಲ್ಲಿ ಒಂದು ಟ್ರಸ್ಟಿನವರು ನಡೆಸುವ ಸೆಂಟರಿನಲ್ಲಿ ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನದ ಪಾಳಿ ಸಿಕ್ಕಿತು. ಲೋಕಲ್ ಟ್ರೇನಿನಲ್ಲಿ ಹೋಗಬೇಕಾದರೆ ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಟ್ರೇನು ಹಿಡಿಯಬೇಕು. ಆ ನೂಕುನುಗ್ಗಲಿನಲ್ಲಿ ಸೂಜಿ ಚುಚ್ಚಿಸಿಕೊಂಡ ಕೈಯನ್ನು ಎಲ್ಲಿ ಇಟ್ಟುಕೊಳ್ಳುವುದು ಹೇಳು. ನಮ್ಮ ವಿಶ್ರುತನಿಗೆ ಮಹಾಪೆಯ ಕಂಪನಿಯಲ್ಲಿ ಕೆಲಸ. ಮಗ ಅಪ್ಪನನ್ನು ಕರೆದೊಯ್ಯಲೆಂದು ವಾರಕ್ಕೆ ಮೂರು ದಿನ ರಜೆ ಕೊಡುವ ಕಂಪನಿ ಇನ್ನೂ ಹುಟ್ಟಿಲ್ಲ. ಕೊನೆಗೆ ಉಳಿದದ್ದು ನಮ್ಮ ಹಳೆಯ ವ್ಯಾನ್, ಐವತ್ತೈದನೆಯ ವಯಸ್ಸಿನಲ್ಲಿ ಕಾಲೇಜು ಹುಡುಗಿಯರ ಜೊತೆ ಡ್ರೈವಿಂಗ್ ಕಲಿತ ನಾನು, ಮತ್ತು ಶಿಳ್‌ಫಾಟಾ ಎಂಬ ಕೂಡುರಸ್ತೆ ದಾಟಿ ಹೋಗುವ ಹೊಂಡಗಳ ದಾರಿ.

ವ್ಯಾನ್ ನಿನಗೆ ನೆನಪಿರಬೇಕು. ಬಾಗಿಲಿನ ಮೇಲೆ ಕೆಂಪಕ್ಷರದಲ್ಲಿ "ರಘುಪತಿ ಲಂಚ್ ಹೋಮ್" ಎಂದು ಬರೆದದ್ದು. ಹನ್ನೊಂದು ವರ್ಷ ಅದರಲ್ಲೇ ನಿನ್ನ ಭಾವ ಬೆಳಗ್ಗೆ ಐದಕ್ಕೆ ಇಡ್ಲಿ ಹಿಟ್ಟು, ದೋಸೆ ಹಿಟ್ಟಿನ ಡ್ರಮ್ಮುಗಳನ್ನು ಹೇರಿಕೊಂಡು ಮಹಾಪೆಯ ಕ್ಯಾಂಟೀನುಗಳಿಗೆ ಕೊಟ್ಟು ಬರುತ್ತಿದ್ದರು. ಕಿಡ್ನಿ ಕೈಕೊಟ್ಟ ಮೇಲೆ ಹೊಟೇಲು ಮುಚ್ಚಿತು, ಡ್ರಮ್ಮುಗಳು ಹೋದವು, ವ್ಯಾನಿನಲ್ಲಿ ಹಿಂದಿನ ಸೀಟು ಮತ್ತೆ ಕೂತಿತು. ಹೆಸರು ಮಾತ್ರ ಹಾಗೆಯೇ ಉಂಟು. ಅಳಿಸುವ ಮಾತು ಎತ್ತಿದರೆ, "ಹೆಸರು ಎಂತ ನಿನ್ನ ಹತ್ರ ಅನ್ನ ಕೇಳ್ತದಾ? ಇರ್ಲಿ ಬಿಡು" ಎನ್ನುತ್ತಾರೆ. ನಾನೂ ಬಿಟ್ಟೆ.

ಈಗ ಈ ವ್ಯಾನಿನ ಕುಲುಕಾಟವನ್ನು ನಿನಗೆ ಹೇಗೆ ವರ್ಣಿಸಲಿ! ಹೊಂಡಕ್ಕೆ ಇಳಿಯಿತೆಂದರೆ ಸೊಂಟದಿಂದ ಹೊರಟ ಪೆಟ್ಟು ಹಲ್ಲಿಗೆ ಬಂದು ನಿಲ್ಲುತ್ತಿತ್ತು. ಹೊಂಡ ಬೇಡ, ರಸ್ತೆಯಲ್ಲಿ ಯಾರೋ ಹಾಕಿದ ಡಾಂಬರಿನ ತೇಪೆ ಸಾಕಿತ್ತು, ಹಿಂದಿನ ಚಕ್ರ ಒಮ್ಮೆ ಹಾರಿ ಬೀಳುತ್ತಿತ್ತು. ಹೋಗುವಾಗ ಹೇಗೋ ಸಹಿಸುತ್ತಿದ್ದರು. ಬರುವಾಗ, ನಾಲ್ಕು ಗಂಟೆ ಮೆಷಿನ್ನಿಗೆ ರಕ್ತ ಕೊಟ್ಟು ತೆಗೆದುಕೊಂಡ ದೇಹ, ಹಿಂಡಿದ ಬಟ್ಟೆಯ ಹಾಗೆ ಆಗಿರುತ್ತದೆ. ಕಾಲಿನ ಮಾಂಸಖಂಡ ಹಿಡಿದುಕೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ. ಅದರ ಮೇಲೆ ಈ ಪೆಟ್ಟು. ಮಹಾಪೆಯಿಂದ ಶಿಳ್‌ಫಾಟಾದವರೆಗೆ ಅವರು ಬಿಡುವ ಪ್ರತಿಯೊಂದು "ಅಮ್ಮಾ" ನನ್ನ ಹೊಟ್ಟೆಗೆ ಬಂದು ಬೀಳುತ್ತಿತ್ತು.

ಬೈಗುಳಕ್ಕೂ ಬರವಿರಲಿಲ್ಲ. "ಎಲ್ಲರೂ ಹೊಂಡ ತಪ್ಪಿಸಿ ಹೋಗುದು ಮಾರಾಯ್ತಿ, ನೀನು ಒಂದೊಂದು ಹೊಂಡಕ್ಕೂ ಆಮಂತ್ರಣ ಪತ್ರಿಕೆ ಕೊಟ್ಟು ಹೋಗುದು" ಎನ್ನುತ್ತಿದ್ದರು. "ರಸ್ತೆಯೇ ಹಾಗುಂಟು, ನಾನೆಂತ ಮಾಡುದು?" ಎಂದರೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ." ಮೂವತ್ತಮೂರು ವರ್ಷ ಈ ಮನುಷ್ಯನ ಗಾದೆಗಳ ಜೊತೆ ಸಂಸಾರ ಮಾಡಿದ್ದೇನೆ, ಆದರೆ ಸ್ಟೇರಿಂಗ್ ಹಿಡಿದುಕೊಂಡು ಗಾದೆ ಕೇಳುವ ಶಿಕ್ಷೆ ಯಾರಿಗೂ ಬೇಡ.

ಮದ್ದು ಮಾಡದೆ ಇರಲಿಲ್ಲ. ಟಯರಿನ ಗಾಳಿ ಹೆಚ್ಚಾಗಿದೆ ಎಂದು ವಿಶ್ರುತ ಕಡಿಮೆ ಮಾಡಿಸಿದ. ಆಮೇಲೆ ಮಾನಪಾಡಾ ರಸ್ತೆಯ ಮೆಕ್ಯಾನಿಕ್ ಹರಿಶ್ಚಂದ್ರನ ಹತ್ತಿರ ನಾಲ್ಕೂ ಶಾಕ್ ಅಬ್ಸಾರ್ಬರ್ ಹೊಸದು ಹಾಕಿಸಿದೆವು. ಹಳೆಯ ಗ್ಯಾರೇಜು ಮುಚ್ಚಿಹೋಗಿದೆ, ಇವನು ನಮಗೆ ಹೊಸಬ. ರಬ್ಬರ್ ಬುಷ್‌ಗಳನ್ನೂ ಬದಲಾಯಿಸಿದ. ಸೊಸೆ ನಿಶಾ ಅಂಗಡಿಯಿಂದ ದಪ್ಪ ಸ್ಪಂಜಿನ ದಿಂಬು ತಂದು ಸೀಟಿಗೆ ಹೊಲಿದಳು. ಅದರಿಂದ ಅವರ ತಲೆ ಛಾವಣಿಗೆ ಇನ್ನಷ್ಟು ಹತ್ತಿರವಾಯಿತು, ಅಷ್ಟೇ. ಕೊನೆಗೆ ಎರಡು ಭಾನುವಾರ ವಿಶ್ರುತ ಪಕ್ಕದಲ್ಲಿ ಕೂತು ನನ್ನ ಡ್ರೈವಿಂಗ್ ಪರೀಕ್ಷೆ ಮಾಡಿದ. "ಅಮ್ಮ, ಹೊಂಡದಲ್ಲಿ ಬ್ರೇಕ್ ಒತ್ತಬೇಡ, ಮೊದಲೇ ಸ್ಲೋ ಮಾಡು, ಸಮಝಾ?" ಎಂದ. ಸಮಝಾ, ತಿಳಿಯಿತು. ಹಾಗೆಯೇ ಮಾಡಿದೆ. ವ್ಯಾನ್ ಮೆಲ್ಲಗೆ ಹಾರಿತು.

ಆಗಸ್ಟ್ ಆರನೇ ತಾರೀಕು, ಶನಿವಾರ. ಜೋರು ಮಳೆ. ವಾಪಸು ಬರುವಾಗ ಮಹಾಪೆಯ ಸೇತುವೆ ಇಳಿದ ಕೂಡಲೇ ನೀರು ತುಂಬಿದ ಹೊಂಡ. ಅದರ ಆಳ ನನಗೆ ಕಾಣಿಸಲಿಲ್ಲ. ಅವರ ಮೊಣಕೈ ಬಾಗಿಲಿಗೆ ಬಡಿಯಿತು. ಎರಡು ನಿಮಿಷದಲ್ಲಿ ಸೂಜಿ ಚುಚ್ಚಿದ ಕಡೆಯ ಬ್ಯಾಂಡೇಜು ಕೆಂಪಗಾಯಿತು. ರಸ್ತೆಯ ಬದಿಗೆ ನಿಲ್ಲಿಸಿ, ಟವೆಲಿನಿಂದ ಇಪ್ಪತ್ತು ನಿಮಿಷ ಒತ್ತಿ ಹಿಡಿದು ಕೂತೆ. ಲಾರಿಗಳು ನೀರು ಎರಚಿಕೊಂಡು ಹೋಗುತ್ತಿದ್ದವು. ರಕ್ತ ನಿಂತಿತು. ಅವರು ಬೈಯಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಚ್ಚುವಾಗ ಹೇಳಿದರು, "ನಂಗೆ ಸಾಕು ವಾರಿಜಾ. ಕಿಡ್ನಿಯಿಂದ ಸಾಯುದಾದ್ರೆ ಸಾಯ್ತೇನೆ. ಈ ಗಾಡಿಯಲ್ಲಿ ಕುಲುಕಿ ಕುಲುಕಿ ಸಾಯುದು ಬೇಡ."

ಸಿಟ್ಟಿನ ಮಾತು, ಬೆಳಗಾದರೆ ಇಳಿಯುತ್ತದೆ ಎಂದುಕೊಂಡೆ. ಮಂಗಳವಾರ ಬಟ್ಟೆ ತೆಗೆದಿಟ್ಟೆ, ಒಲ್ಲೆ ಎಂದರು. ಗುರುವಾರ ವಿಶ್ರುತ ರಜೆ ಹಾಕಿ, ಟ್ಯಾಕ್ಸಿ ತರುತ್ತೇನೆ ಎಂದು ಕಾಲು ಹಿಡಿದ. "ಇವತ್ತು ಟ್ಯಾಕ್ಸಿ, ನಾಡಿದ್ದು? ಮತ್ತೆ ಅದೇ ಅಲ್ವಾ? ನನ್ನನ್ನು ಬಿಡಿ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಸಂಜೆ ನೆರೂಳಿನಿಂದ ಸಿಸ್ಟರ್ ಫೋನ್ ಮಾಡಿ, "ಆಂಟೀ, ದೋ ಬಾರ್ ಮಿಸ್ ಹೋ ಗಯಾ. ಬಾಡೀ ಮೇ ಪಾನೀ ಭರ್ ಜಾಯೇಗಾ, ಅಂಕಲ್ ಕೋ ಲೇಕೇ ಆವೋ" ಎಂದಳು. ಎರಡು ಸಲ ತಪ್ಪಿತು, ಮೈಯಲ್ಲಿ ನೀರು ತುಂಬುತ್ತದೆ, ಕರೆದುಕೊಂಡು ಬನ್ನಿ ಎಂದು. ಶನಿವಾರವೂ ಹೋಗಲಿಲ್ಲ. ಭಾನುವಾರ ಬೆಳಗ್ಗೆ ಎದ್ದು ಕೂತವರಿಗೆ ಉಸಿರು ಒಳಗೆ ಹೋಗದು. ಕಾಲು, ಮುಖ ಊದಿಕೊಂಡು, ಮಾತಾಡಲು ಬಾಯಿ ತೆರೆದರೆ ಸಿಳ್ಳೆಯ ಸದ್ದು. ಕೆಳಗಿನ ಮನೆಯ ಕುಶಲ ಆಂಬುಲೆನ್ಸ್ ತರಿಸಿದ. ಇಲ್ಲಿಯೇ ಆಸ್ಪತ್ರೆಯಲ್ಲಿ ತುರ್ತು ಡಯಾಲಿಸಿಸ್ ಮಾಡಿ, ಮೂರು ದಿನ ಇಟ್ಟುಕೊಂಡರು. ಇನ್ನು ಅರ್ಧ ದಿನ ತಡವಾಗಿದ್ದರೆ ನಾನು ಈ ಪತ್ರವನ್ನು ಬೇರೆ ರೀತಿಯಲ್ಲಿ ಬರೆಯಬೇಕಾಗಿತ್ತು. ಆಗ ನಿನಗೆ "ಸ್ವಲ್ಪ ಜ್ವರ" ಎಂದು ಹೇಳಿದ್ದೆ. ತಪ್ಪು ತಿಳಿಯಬೇಡ.

ಅಲ್ಲಿಂದ ಬಂದ ಮೇಲೆ ಅವರು ಒಂದು ಮಾತಿಲ್ಲದೆ ವ್ಯಾನು ಹತ್ತತೊಡಗಿದರು. ಎರಡು ಕೈಯಲ್ಲಿ ಸೀಟು ಹಿಡಿದು, ಕಣ್ಣು ಮುಚ್ಚಿ ಕೂರುತ್ತಿದ್ದರು. ಗಾದೆಯೂ ಇಲ್ಲ, ಬೈಗುಳವೂ ಇಲ್ಲ. ನನಗೆ ಅದೇ ಹೆಚ್ಚು ಹೆದರಿಕೆಯಾಯಿತು. ಇವರು ಇನ್ನೆಷ್ಟು ದಿನ ಹೀಗೆ ಬಂದಾರು, ಯಾವ ದಿನ ಮತ್ತೆ ಗೋಡೆಯ ಕಡೆ ತಿರುಗಿ ಮಲಗುತ್ತಾರೋ ಎಂದು ಪ್ರತಿ ಮಂಗಳವಾರ ಬೆಳಗ್ಗೆ ಮುಖ ನೋಡುತ್ತಿದ್ದೆ.

ಇನ್ನು ಸಂತೋಷದ ಕಥೆ ಕೇಳು. ಆಗಸ್ಟ್ ಇಪ್ಪತ್ತೇಳರ ಶನಿವಾರ ನಾವು ಹೊರಡುವಾಗ ಕುಶಲ ಬಂದು ತಲೆ ಕೆರೆದುಕೊಂಡು ನಿಂತ. ಚೌತಿಗೆ ನಮ್ಮ ಕನ್ನಡ ಬಳಗದವರ ಅನ್ನಸಂತರ್ಪಣೆ; ವಾಶಿಯ ಮಾರ್ಕೆಟಿನಲ್ಲಿ ಅಕ್ಕಿ ಹೇಳಿಟ್ಟಿದ್ದಾನೆ. "ಅಕ್ಕ, ನೆರೂಳಿಂದ ವಾಶಿ ಎಂತ ದೂರ? ಹೇಗೂ ನಿಮ್ಮ ಗಾಡಿ ಖಾಲಿ ಬರ್ತದಲ್ಲ. ಐದು ಮೂಟೆ ಅಷ್ಟೇ. ಅಣ್ಣನಿಗೆ ಡಯಾಲಿಸಿಸ್ ಆಗುವಷ್ಟ್ರಲ್ಲಿ ನೀವು ಹೋಗಿ ಹಾಕಿಸ್ಕೊಂಡು ಬಂದ್ರೆ ಆಯ್ತು." ಆಂಬುಲೆನ್ಸ್ ತರಿಸಿದವನಿಗೆ ಇಲ್ಲ ಎನ್ನುವ ಬಾಯಿ ಎಲ್ಲಿಂದ ತರಲಿ? ಹಾಕಿಸಿಕೊಂಡು ಬಂದೆ. ಐವತ್ತು ಕಿಲೋದ ಐದು ಮೂಟೆ. ನಿನ್ನ ಭಾವ ನೋಡಿ, "ಗಂಡ ಒಂದು ಮೂಟೆ ಸಾಲ್ಲಿಲ್ವಾ?" ಎಂದು ಗೊಣಗಿ ಹತ್ತಿದರು.

ಹತ್ತಿದವರು ಎಂದಿನಂತೆ ಕಣ್ಣು ಮುಚ್ಚಿದರು. ತುರ್ಭೆ ದಾಟಿತು, ಮಹಾಪೆ ದಾಟಿತು, "ಅಮ್ಮಾ" ಇಲ್ಲ. ಶಿಳ್‌ಫಾಟಾದ ಹೊಂಡಗಳು ಬಂದವು, ಹೋದವು, ಸದ್ದಿಲ್ಲ. ತಿರುಗಿ ನೋಡಲು ಧೈರ್ಯವಾಗದೆ ಎಡಗೈಯನ್ನು ಪಕ್ಕದ ಸೀಟಿನಲ್ಲಿದ್ದ ಅವರ ಮೂಗಿನ ಹತ್ತಿರ ಹಿಡಿದೆ. ಬಿಸಿ ಉಸಿರು ಬಂತು, ಅದರ ಹಿಂದೆಯೇ ಒಂದು ಗೊರಕೆ! ವಿಮಲಾ, ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮಾನಪಾಡಾದ ಸಿಗ್ನಲ್ಲಿನಲ್ಲಿ ಎಚ್ಚರವಾಗಿ, "ಶಿಳ್‌ಫಾಟಾ ಬಂತಾ?" ಎಂದರು.

"ಅದು ಹೋಗಿ ಅರ್ಧ ಗಂಟೆ ಆಯ್ತು."

"ಸುಳ್ಳು ಹೇಳ್ಬೇಡ."

"ನಿಮ್ಮ ಎದುರು ಕಾಣುದು ಡೊಂಬಿವಲಿಯಾ, ಉಡುಪಿಯಾ ನೋಡಿ."

ನೋಡಿದರು. ಹಿಂದೆ ತಿರುಗಿ ಮೂಟೆಗಳನ್ನೂ ನೋಡಿದರು. ಮನೆಗೆ ಬಂದು ಚಹಾ ಕೊಟ್ಟೆ. ಅರ್ಧ ಲೋಟ ಚಹಾ ಅವರಿಗೆ ಅಳತೆ; ಅದನ್ನು ಕುಡಿಯುತ್ತಾ ಕುಡಿಯುತ್ತಾ ಲೋಟ ಕೆಳಗಿಟ್ಟು ಹಣೆ ಹೊಡೆದುಕೊಂಡರು. "ನಾನೇ ಹಾಕ್ಸಿದ್ದು ಮಾರಾಯ್ತಿ! ಎರಡು ಪಟ್ಟಿ ಜಾಸ್ತಿ!"

ಏನೆಂದರೆ, ಈ ವ್ಯಾನಿನ ಹಿಂದಿನ ಚಕ್ರಗಳ ಮೇಲೆ ಕಮಾನಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವೆ, ಒಂದರ ಮೇಲೊಂದು. ಅವು ಬಾಗಿ ಪೆಟ್ಟು ನುಂಗಬೇಕು. ಹೊಸದರಲ್ಲಿ ಹಿಟ್ಟಿನ ಡ್ರಮ್ಮು ಹೇರಿದಾಗ ವ್ಯಾನಿನ ಹಿಂಭಾಗ ನೆಲಕ್ಕೆ ಕೂರುತ್ತಿತ್ತಂತೆ. ಅದಕ್ಕೆ ಇವರು ಹಳೆಯ ಗ್ಯಾರೇಜಿನಲ್ಲಿ ಎರಡೂ ಕಡೆಗೆ ಎರಡೆರಡು ದಪ್ಪ ಪಟ್ಟಿ ಹೆಚ್ಚಿಗೆ ಸೇರಿಸಿದ್ದರು. ಹಿಟ್ಟು ಇರುವ ತನಕ ಸರಿಯಿತ್ತು. ಹಿಟ್ಟು ಹೋಯಿತು, ಹೊಟೇಲು ಹೋಯಿತು, ಪಟ್ಟಿ ಮಾತ್ರ ಮುನ್ನೂರು ಕಿಲೋ ಬರುತ್ತದೆಂದು ಸೆಟೆದುಕೊಂಡು ಕಾಯುತ್ತಿತ್ತು. ಅದರ ಮೇಲೆ ಕೂತದ್ದು ಐವತ್ತೆರಡು ಕಿಲೋದ ನಿನ್ನ ಭಾವ ಮತ್ತು ನಾನು. ಬಾಗಲು ಅದಕ್ಕೇನು ಗರಜು? ಅಕ್ಕಿ ಮೂಟೆಯ ಭಾರ ಬಿದ್ದ ದಿನ ಮಾತ್ರ ಬಾಗಿತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು ನಮ್ಮ ಕಥೆ.

"ಆಗ ಖಾಲಿ ಬರುವಾಗ ಕುಲುಕ್ತಿರ್ಲಿಲ್ವಾ?" ಎಂದು ಕೇಳಿದೆ.

"ಕುಲುಕ್ತಿತ್ತು. ಆಗ ಬೆನ್ನು ಗಟ್ಟಿ ಇತ್ತು, ಗೊತ್ತಾಗ್ಲಿಲ್ಲ" ಎಂದರು.

ಸೋಮವಾರವೇ ಹರಿಶ್ಚಂದ್ರನ ಗ್ಯಾರೇಜಿಗೆ ಹೋದೆವು. ನಾನು ಜಗಳಕ್ಕೇ ಹೋದದ್ದು. "ಕೆಳಗೆ ಮಲಗಿ ಶಾಕ್ ಅಬ್ಸಾರ್ಬರ್ ಬದಲಾಯಿಸಿದಾಗ ನಿನಗೆ ಇದು ಕಾಣಲಿಲ್ಲವೇನಪ್ಪ?" ಎಂದು ನನಗೆ ಬರುವ ಹಿಂದಿಯಲ್ಲಿ ಹಾರಾಡಿದೆ. ಅವನು ಶಾಂತವಾಗಿ ಬಾಗಿಲಿನ ಕೆಂಪಕ್ಷರ ತೋರಿಸಿದ. "ಕಾಕೂ, ದಿಖಾ ನಾ. ಪಣ್ ಇಧರ್ ಹೊಟೇಲ್ ಕಾ ನಾಮ್ ಲಿಖಾ ಹೈ. ಮೈ ಸೋಚಾ ಮಾಲ್ ಭರತೇ ಹೋಂಗೇ. ಧಂದೇ ಕೀ ಗಾಡೀ ಕಾ ಪಟ್ಟೀ ಕೌನ್ ನಿಕಾಲೇಗಾ?" ಕಾಣಿಸಿತು, ಆದರೆ ಹೊಟೇಲಿನ ಹೆಸರಿದೆ, ಮಾಲು ಹೇರುತ್ತೀರಿ ಎಂದುಕೊಂಡೆ, ವ್ಯಾಪಾರದ ಗಾಡಿಯ ಪಟ್ಟಿ ಯಾರು ತೆಗೆಯುತ್ತಾರೆ ಎಂದು ಅವನ ಮಾತು. ನಾನು ನಿನ್ನ ಭಾವನ ಕಡೆ ನೋಡಿದೆ. ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ರಸ್ತೆಯಲ್ಲಿ ಹೋಗುವ ಬಸ್ಸನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಮಧ್ಯಾಹ್ನದೊಳಗೆ ನಾಲ್ಕು ಪಟ್ಟಿ ಕಳಚಿ ನೆಲಕ್ಕೆ ಬಿದ್ದವು. ಹರಿಶ್ಚಂದ್ರ ಉಳಿದವುಗಳ ತುಕ್ಕು ಉಜ್ಜಿ, ನಡುವೆ ಗ್ರೀಸು ಹಚ್ಚಿ, ಟಯರಿನ ಗಾಳಿ ಸರಿಮಾಡಿ ಕೊಟ್ಟ. ಕೊನೆಗೆ ಹೆಸರನ್ನೂ ಕೆರೆದು ತೆಗೆಯಲೇ ಎಂದು ಕೇಳಿದ. ಅವರು ನನ್ನ ಮುಖ ನೋಡಿದರು. ನಾನು "ರಹನೇ ದೋ", ಇರಲಿ ಬಿಡು, ಎಂದೆ. ಮನುಷ್ಯನಿಗೆ ಒಂದೇ ದಿನ ಎಷ್ಟನ್ನು ಕಳಚುವುದು?

ಅಂದಿನಿಂದ ನಿನ್ನೆಯವರೆಗೆ ಒಂದು ಪಾಳಿಯನ್ನೂ ತಪ್ಪಿಸಿಲ್ಲ. ಹೊಂಡಗಳು ಇದ್ದಲ್ಲೇ ಇವೆ, ಆದರೆ ಈಗ ವ್ಯಾನ್ ತೂಗಿ ಇಳಿಯುತ್ತದೆ, ತೂಗಿ ಏರುತ್ತದೆ. ಮಹಾಪೆ ಬಂದರೆ, ಇದು ಇಂತಹ ಕ್ಯಾಂಟೀನು, ಇಲ್ಲಿಯ ಮೇನೇಜರನಿಗೆ ಹುಳಿ ದೋಸೆ ಆಗದು ಎಂದು ಹಳೆಯದನ್ನು ಹೇಳುತ್ತಾ ಬರುತ್ತಾರೆ. ಕಳೆದ ಗುರುವಾರ ಹೊರಡಲು ನಾನೇ ಐದು ನಿಮಿಷ ತಡಮಾಡಿದೆ; ಕೆಳಗಿನಿಂದ ಹಾರ್ನ್ ಹೊಡೆದರು! ನನ್ನ ಡ್ರೈವಿಂಗ್ ಬಗ್ಗೆ ವಿಶ್ರುತನಿಗೆ ಹೇಳಿದ ಮಾತು ಕೇಳು: "ನಿನ್ನಮ್ಮ ಮೊದಲಿಂದ ಚೆನ್ನಾಗೇ ಓಡಿಸ್ತಾಳೆ." ಮೊದಲಿನಿಂದ! ಎಷ್ಟೋ ದಿನದ ಮೇಲೆ ಮನಸ್ಸು ಹಗುರಾಗಿದೆ, ವಿಮಲಾ. ದೇವರು ದೊಡ್ಡವನು.

ನಿನ್ನ ಮೊಣಕಾಲಿನ ನೋವು ಹೇಗಿದೆ? ಕಾರ್ಕಳದಲ್ಲಿ ಮಳೆ ಬಿಟ್ಟಿದ್ದರೆ ಒಮ್ಮೆ ಬಂದು ಹೋಗು, ದೀಪಾವಳಿಗಾದರೂ. ನನ್ನ ಪಕ್ಕದಲ್ಲಿ ಕೂರಿಸಿಕೊಂಡು ನೆರೂಳಿನವರೆಗೆ ಮೆರವಣಿಗೆ ಮಾಡಿಸುತ್ತೇನೆ. ನಿನಗೂ, ನಿನ್ನವರಿಗೂ, ಮಕ್ಕಳಿಗೂ ಆಯುಸ್ಸು ಆರೋಗ್ಯ ತುಂಬಿ ಇರಲಿ, ನಿನ್ನ ಮನೆಯ ದೀಪ ಸದಾ ಬೆಳಗಲಿ ಎಂದು ಹರಸುವ,

ನಿನ್ನ ಅಕ್ಕ,
ವಾರಿಜಾ

ತಾ.ಕ.: ಲಕೋಟೆಗೆ ಹಾಕಿದ್ದನ್ನು ಮತ್ತೆ ತೆಗೆದು ಬರೆಯುತ್ತಿದ್ದೇನೆ. ಓದಿದ ಮೇಲೆ ಈ ಹಾಳೆಯೊಂದನ್ನು ಹರಿದುಬಿಡು. ಮಂಗಳವಾರ ಮತ್ತು ಗುರುವಾರ ಅವರು ಒಲ್ಲೆ ಎಂದದ್ದು ನಿಜ. ಮೂರನೆಯ ಸಲ, ಆ ಶನಿವಾರ, ಅವರು ಒಲ್ಲೆ ಎನ್ನಲಿಲ್ಲ. ತಾವಾಗಿಯೇ ಸ್ನಾನ ಮಾಡಿ, ಅಲ್ಲಿಗೆ ಹಾಕುವ ಅರ್ಧ ತೋಳಿನ ಅಂಗಿ ಹಾಕಿ, ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ವಿಶ್ರುತ, ನಿಶಾ ಇಬ್ಬರೂ ಮನೆಯಲ್ಲಿರಲಿಲ್ಲ. ನಾನು ಕೀ ಹಿಡಿದು ಅಡುಗೆಮನೆಯಿಂದ ಬರುವಷ್ಟರಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದರು. ಎಬ್ಬಿಸಬೇಕಿತ್ತು. ಹೊರಗೆ ಮಳೆ, ಆ ರಸ್ತೆ, ಆ ಕೂಗು, ಆ ರಕ್ತ ಎಲ್ಲ ಕಣ್ಣಮುಂದೆ ಬಂತು. ನಾಲ್ಕು ತಿಂಗಳ ಆಯಾಸ ಒಮ್ಮೆಗೇ ಮೈಮೇಲೆ ಬಿತ್ತು. ಕೀಯನ್ನು ಮೊಳೆಗೆ ತೂಗುಹಾಕಿ, ಅಡುಗೆಮನೆಯಲ್ಲಿ ಚಾಪೆ ಹಾಸಿ ಮಲಗಿದೆ. ಒಳ್ಳೆಯ ನಿದ್ದೆ ಬಂತು ವಿಮಲಾ, ಅದನ್ನೇ ನಾನು ಸಹಿಸಲಾರೆ. ನಾಲ್ಕು ಗಂಟೆಗೆ ಎದ್ದು ಅವರು, "ಹೊತ್ತಾಯ್ತಾ? ಹೋಗುವನಾ?" ಎಂದು ಕೇಳಿದರು. "ನೀವೇ ಇವತ್ತೂ ಬರುದಿಲ್ಲ ಅಂದ್ರಲ್ಲ" ಎಂದೆ. ಮೈಯಲ್ಲಿ ವಿಷ ಏರಿ ಅವರಿಗೆ ಮಂಕು ಕವಿದಿತ್ತು. ತೊಟ್ಟ ಅಂಗಿಯನ್ನು ಒಮ್ಮೆ ನೋಡಿಕೊಂಡು, "ಹೌದಾ? ಅಂದೆನಾ?" ಎಂದು ನಂಬಿಬಿಟ್ಟರು. ಈಗ ಶಿಳ್‌ಫಾಟಾ ದಾಟುವಾಗಲೆಲ್ಲ ಗೇರಿನ ಮೇಲಿರುವ ನನ್ನ ಕೈಮೇಲೆ ಕೈಯಿಟ್ಟು, "ನನ್ನ ಹಠದಿಂದ ನಿನ್ನನ್ನು ಎಷ್ಟು ಹೆದರಿಸಿದೆ, ತಪ್ಪಾಯ್ತು ವಾರಿಜಾ" ಎನ್ನುತ್ತಾರೆ. ನಿನ್ನೆಯೂ ಕ್ಷಮೆ ಕೇಳಿದರು. ನಿನ್ನೆಯೂ ನಾನು ಕ್ಷಮಿಸಿದೆ.